ಹನ್ನೊಂದನೆಯ ಪಾತ್ರೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಪಕ್ಕದ ಮನೆಯಲ್ಲಿದ್ದ ಮಾಸ್ತರ ಲೋಹ ಕಡೆಯುವ ಲೇತು ಯಂತ್ರ ಹಸಿರು ಬಣ್ಣದ್ದು ಎಂದು ನನ್ನ ನೆನಪು. ಚಿಕ್ಕಮ್ಮ ಬೂದು ಎನ್ನುತ್ತಾಳೆ. ಅವರು ಎಡಗೈಯವರು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಮೊನ್ನೆ ಸಿಕ್ಕ ಫೋಟೋದಲ್ಲಿ ಬಲಗೈಯಲ್ಲಿ ಅರ ಹಿಡಿದು ಕೂತಿದ್ದಾರೆ. ಹದಿನೇಳನೆಯ ವಯಸ್ಸಿನಿಂದ ದಿನಚರಿ ಬರೆಯುತ್ತ ಬಂದವಳು ನಾನು, ಓದಿದ್ದು ಇತಿಹಾಸ. ಆದರೂ ಆ ಎಡಗೈಯನ್ನು ಎಲ್ಲಿಂದ ತಂದು ಅವರಿಗೆ ಜೋಡಿಸಿದೆನೋ ಗೊತ್ತಿಲ್ಲ. ಹಾಗಾಗಿ ಮುಂದೆ ಬರುವ ಒಂದು ದಿನದ ಸಂಗತಿಯನ್ನು ನನಗೆ ನೆನಪಿರುವಂತೆ ಹೇಳುತ್ತೇನೆ. ನಡೆದಂತೆ ಹೇಳುತ್ತಿದ್ದೇನೆ ಎನ್ನುವ ಧೈರ್ಯ ಇಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ನಾನು ಯಲ್ಲಾಪುರದಲ್ಲಿ ಕಾಲೇಜು ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ. "ಮಾಸ್ತರು ಹೋದ್ವಡ ತಂಗಿ, ಸಿದ್ದಾಪುರದಲ್ಲಿ, ತಮ್ಮನ ಮನೇಲಿ," ಎಂದಳು. ಫೋನು ಇಡುವ ಮೊದಲು, "ರೈಲು ಅಲ್ಲೇ ಇದ್ದಡ," ಎಂದು ಸೇರಿಸಿದಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಾನಳ್ಳಿಯಿಂದ ಶಿರಸಿಗೆ ಓದಲು ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಮಾಸ್ತರದು ಪಕ್ಕದ ಮನೆ. ಒಂದೇ ಮಾಡಿನ ಕೆಳಗೆ ಎರಡು ಬಿಡಾರ, ನಡುವೆ ಒಂದು ಗೋಡೆ, ಹಿಂದೆ ಇಬ್ಬರಿಗೂ ಸೇರಿ ಒಂದು ಬಾವಿ ಮತ್ತು ಉದ್ದನೆಯ ಅಂಗಳ. ಅವರಿಗೆ ಮದುವೆಯಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು; ಆರು ಇಂಗ್ಲಿಷ್ ಯಂತ್ರ, ಎರಡು ಕನ್ನಡದವು. ಹಿಂದಿನ ಕೋಣೆಯಲ್ಲಿ ರೈಲು ಕಟ್ಟುತ್ತಿದ್ದರು.

ಆಟಿಕೆಯ ರೈಲಲ್ಲ. ಬೆಂಕಿ ಹಾಕಿ, ನೀರು ಕುದಿಸಿ, ಆವಿಯಿಂದಲೇ ಓಡಬೇಕಾದ ಎಂಜಿನ್ನು. ಉದ್ದ ಒಂದು ಗಜಕ್ಕಿಂತ ಸ್ವಲ್ಪ ಹೆಚ್ಚು. ಹಳಿಗಳ ನಡುವೆ ಅಂಗೈ ಅಗಲದ ಅಂತರ. ನಾನು ಹೋಗುವ ಹೊತ್ತಿಗೆ ಚೌಕಟ್ಟು, ಗಾಲಿ, ಪಿಸ್ಟನ್ನು ಎಲ್ಲ ಮುಗಿದಿತ್ತು. ಆ ಗಾಲಿಗಳನ್ನು ಅವರು ಸಿದ್ದಾಪುರದ ಅಂಗಡಿಯೊಂದರ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಸೇರಿನ, ಕಬ್ಬಿಣದ ತೂಕದ ಕಲ್ಲುಗಳಿಂದ ಕಡೆದಿದ್ದರು. ಒಂದು ಗಾಲಿಯ ಹಿಂಬದಿಯಲ್ಲಿ ಸರಕಾರದ ಮುದ್ರೆಯ ಗುರುತು ಹಾಗೇ ಉಳಿದಿತ್ತು. ಅದನ್ನು ಉಜ್ಜಿ ತೆಗೆಯದೆ ಬಿಟ್ಟು, ಕೇಳಿದವರಿಗೆ ಇದು ಸರಕಾರಿ ರೈಲು ಎನ್ನುತ್ತಿದ್ದರು.

ಶಿರಸಿಗೆ ರೈಲು ಬಂದಿಲ್ಲ. ಬರುತ್ತದೆ ಎಂಬ ಮಾತು ಮಾತ್ರ ಆಗಾಗ ಬರುತ್ತದೆ. ಹಾಗಾಗಿ ಅವರು ಹಾಲಿನ ಪಾತ್ರೆ ಹಿಡಿದು ರಸ್ತೆಗೆ ಬಂದರೆ ಎದುರಿನ ಕಟಿಂಗ್ ಅಂಗಡಿಯಿಂದ ಯಾರಾದರೂ ಕೇಳಿಯೇ ಕೇಳುವರು: "ಮಾಸ್ತರೆ, ಗಾಡಿ ಎಷ್ಟೊತ್ತಿಗೆ?" ಅವರು ಕೈಗಡಿಯಾರ ನೋಡಿಕೊಂಡು, "ಸ್ವಲ್ಪ ಲೇಟು. ಬರ್ತದೆ," ಎನ್ನುವರು. ನಾನು ಶಿರಸಿಯಲ್ಲಿದ್ದ ಐದು ವರ್ಷವೂ ಇದೇ ಪ್ರಶ್ನೆ, ಇದೇ ಉತ್ತರ. ಕೇಳುವವರಿಗೂ ಬೇಜಾರಾಗಲಿಲ್ಲ, ಅವರಿಗೂ ಆಗಲಿಲ್ಲ.

ಅವರ ಊರು ಸಿದ್ದಾಪುರದ ಆಚೆ, ತಾಳಗುಪ್ಪದ ದಿಕ್ಕಿಗೆ. ಗದ್ದೆ ಬೇಸಾಯದ ಮನೆ. ಆರೋ ಏಳೋ ವಯಸ್ಸಿನಲ್ಲಿ ಅಪ್ಪನ ಭತ್ತದ ಗಾಡಿಯಲ್ಲಿ ಕೂತು ತಾಳಗುಪ್ಪದ ಸ್ಟೇಷನ್ನಿಗೆ ಹೋಗಿದ್ದರಂತೆ. ಎಂಜಿನ್ನು ಒಮ್ಮೆಲೇ ಆವಿ ಬಿಟ್ಟ ರಭಸಕ್ಕೆ ಎತ್ತುಗಳು ಬೆದರಿ ಗಾಡಿ ಸಮೇತ ಓಡಿದವು. ಅಪ್ಪ ಎತ್ತಿನ ಹಿಂದೆ ಓಡಿದರು; ಇವರು ಕೆಳಗೆ ಬಿದ್ದ ಜಾಗದಲ್ಲೇ ಎಂಜಿನ್ನು ನೋಡುತ್ತ ನಿಂತರು. ಭತ್ತ ಚೆಲ್ಲಿದ್ದಕ್ಕೆ ಎತ್ತಿಗೆ ಪೆಟ್ಟು ಬೀಳಲಿಲ್ಲ, ತಮಗೆ ಬಿತ್ತು ಎಂದು ಹೇಳಿ ನಗುತ್ತಿದ್ದರು.

ನಾನೂ ಅವರಲ್ಲಿ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಕ್ಲಾಸಿನಲ್ಲಿ ಅವರು ನಮ್ಮ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಕಿಟಕಿಯ ಬಳಿ, ಮಡಿಲಲ್ಲಿ ಬಟ್ಟೆ ಹಾಸಿಕೊಂಡು, ಯಾವುದೋ ಹಿತ್ತಾಳೆಯ ಚೂರನ್ನು ಅರದಿಂದ ಉಜ್ಜುತ್ತಿರುವರು. ಎಂಟು ಯಂತ್ರಗಳ ಗದ್ದಲದ ನಡುವೆ ತಿರುಗಿ ನೋಡದೆಯೇ, ಮೂರನೆಯ ಯಂತ್ರದ ಒಂದು ಅಚ್ಚು ಹಿಂದೆ ಬೀಳುತ್ತಿಲ್ಲ, ನಿಲ್ಲಿಸು ಎನ್ನುವರು. ಹೋಗಿ ನೋಡಿದರೆ ಹೌದು. ನನ್ನ ಬೆರಳುಗಳ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. "ನೀನು ಮೊದಲೇ ಮುಗಿಸ್ತೀಯ ತಂಗಿ, ಆಮೇಲೆ ನೋಡ್ತೀಯ," ಎಂದಿದ್ದರು ಒಮ್ಮೆ. ದಿನಚರಿಯಲ್ಲಿ ಇದನ್ನು ಬರೆದುಕೊಂಡಿದ್ದೇನೆ, ಹಾಗಾಗಿ ಮಾತು ಅವರದೇ ಎಂಬ ಭರವಸೆ ಇದೆ.

ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಬಾಯ್ಲರು. ಅದಕ್ಕೆ ತಾಮ್ರದ ತಗಡು ಬೇಕು, ಬೇಕಾದ ದಪ್ಪದ್ದು ಇಲ್ಲೆಲ್ಲೂ ಸಿಗುತ್ತಿರಲಿಲ್ಲ. ಕೊನೆಗೆ ಇಡಗುಂದಿಯ ಒಂದು ಮನೆಯಿಂದ ಹಳೆಯ ಕಾಲದ ನೀರಿನ ಹಂಡೆಯೊಂದನ್ನು ಪಡೆದು, ಕತ್ತರಿಸಿ, ಕಾಯಿಸಿ, ಬಡಿದು, ಸುತ್ತಿದರು. ಕಟ್ಟುವ ಕ್ರಮವನ್ನು ಹುಬ್ಬಳ್ಳಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಗಳಿಂದ ಕಲಿತರು. ಆದರೆ ಪತ್ರಿಕೆಯಲ್ಲಿ ಹೇಳಿದ ಸಾಮಾನುಗಳು ಇಲ್ಲಿಯವಲ್ಲ. ಬೆಳ್ಳಿ ಬೆಸುಗೆ ಹಾಕುವುದನ್ನು ಪೇಟೆಯ ಅಕ್ಕಸಾಲಿಯೊಬ್ಬರ ಎದುರು ಕೂತು, ಬಿಳಿಗಾರ ಹಚ್ಚುವುದರಿಂದ ಹಿಡಿದು, ಕಲಿತರು. ಪ್ರತಿ ಬೆಸುಗೆಯ ನಂತರ ತಾಮ್ರವನ್ನು ಆಸಿಡ್ಡಿನಲ್ಲಿ ಮುಳುಗಿಸಿ ಕಪ್ಪು ತೆಗೆಯಬೇಕು ಎಂದು ಪತ್ರಿಕೆ ಹೇಳುತ್ತಿತ್ತು. ಅವರು ಆಸಿಡ್ಡು ತರಲಿಲ್ಲ. ಅಡುಗೆಗೆ ಹುಳಿಯಾಗಿ ಬಳಸುವ ಉಪ್ಪಾಗೆ ಹಣ್ಣಿನ ಒಣಸಿಪ್ಪೆ ಕುದಿಸಿ ಆ ಹುಳಿನೀರನ್ನು ಬಾಲ್ದಿಗೆ ತುಂಬಿ, ಬಾಯ್ಲರನ್ನು ಅದರಲ್ಲಿ ಅದ್ದಿ, ಬಾವಿಕಟ್ಟೆಯ ಪಕ್ಕ ಇಡುತ್ತಿದ್ದರು. ಎರಡು ದಿನಕ್ಕೆ ತಾಮ್ರ ಎಳೆಮಗುವಿನ ಅಂಗಾಲಿನ ಬಣ್ಣಕ್ಕೆ ಬರುತ್ತಿತ್ತು.

ಹುಳಿನೀರಿನ ಬಾಲ್ದಿಯಲ್ಲಿ ತಾಮ್ರದ ಪಾತ್ರೆ. ನಮ್ಮ ಕಡೆ ಹಿತ್ತಿಲಲ್ಲಿ ಇದನ್ನು ಕಂಡ ಯಾವ ಹೆಂಗಸಾದರೂ ತಿಳಿಯುವುದು ಒಂದೇ. ತಿಕ್ಕಿ ಕಲಾಯಿಗೆ ಕೊಡಲು ನೆನೆಹಾಕಿದ್ದಾರೆ.

ಕಲಾಯಿಯವನು ಹಾನಗಲ್ ಕಡೆಯಿಂದ ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದರೆ ನಮ್ಮ ಅಂಗಳದಲ್ಲೇ ಗುಂಡಿ ತೋಡಿ ತಿದಿ ಹೂಡುವನು. ಒಂಟಿ ಗಂಡಸಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಎಂದು ಮಾಸ್ತರ ಮನೆಯ ಒಂದು ಕೊಡ, ಒಂದು ತಪ್ಪಲೆಯನ್ನೂ ಚಿಕ್ಕಮ್ಮ ತನ್ನವುಗಳ ಜೊತೆ ಸೇರಿಸಿ ಮಾಡಿಸುತ್ತಿದ್ದಳು. ಅವರು ಊರಲ್ಲಿದ್ದರೂ ಇಲ್ಲದಿದ್ದರೂ ಇದು ನಡೆಯುತ್ತಿತ್ತು, ಹಿಂಬಾಗಿಲಿಗೆ ಚಿಲಕ ಮಾತ್ರ.

ಬಾಯ್ಲರು ಬಾಲ್ದಿಯಲ್ಲಿದ್ದ ಆ ವರ್ಷ, ಕಲಾಯಿಯವನು ಬಂದ ದಿನ, ಅವರು ಟೈಪಿನ ರಿಬ್ಬನ್ನು ತರಲು ಹುಬ್ಬಳ್ಳಿಗೆ ಹೋಗಿದ್ದರು. ರಿಬ್ಬನ್ನು ನೆಪ. ಹೋದರೆ ಸ್ಟೇಷನ್ನಿನಲ್ಲಿ ಅರ್ಧ ದಿನ ನಿಂತೇ ಬರುವರು. ನನಗೆ ಮಾರನೆಯ ದಿನ ಪರೀಕ್ಷೆ. ಪುಸ್ತಕ ಹಿಡಿದು ಕೂತಿದ್ದಾಗ ಚಿಕ್ಕಮ್ಮ ಒಳಗಿನಿಂದ ಕೂಗಿ, ಮಾಸ್ತರ ಮನೆಯ ಪಾತ್ರೆಗಳನ್ನೂ ತಂದುಕೊಡು ಎಂದಳು. ಇಷ್ಟು ಖಂಡಿತ. ನಾನು ಎದ್ದು ಹೋದೆ, ಇದೂ ಖಂಡಿತ. ಮುಂದೆ ನನ್ನ ನೆನಪಿನಲ್ಲಿರುವುದು ಕಲಾಯಿಯವನು ಬಾಯ್ಲರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಿಸಿಲಿಗೆ ನೋಡುತ್ತಿರುವುದು.

"ಅಕ್ಕಾರ, ಈ ಕೊಡಕ್ಕ ಎರಡೂ ಕಡೆ ಬಾಯಿ ಐತಲ್ರಿ. ನೀರು ಎಲ್ಲಿ ನಿಲ್ಲತೈತಿ?"

"ಮಾಸ್ತರ ಮನೆದು ಎಲ್ಲ ಹಾಗೇ," ಎಂದಳು ಚಿಕ್ಕಮ್ಮ ಜಗಲಿಯಿಂದ. "ನೀನು ಹಾಕು."

ಅವನು ಹಾಕಿದ. ನವಸಾಗರದ ಹೊಗೆ ಎದ್ದಿತು, ತವರ ಕರಗಿತು, ಹತ್ತಿಯುಂಡೆಯಿಂದ ಒಳಗೆಲ್ಲ ಉಜ್ಜಿದ. ಕಷ್ಟದ ಮೂಲೆಗಳಿದ್ದ ಪಾತ್ರೆ ಎಂದೋ ಏನೋ, ಉಳಿದವುಗಳಿಗಿಂತ ಹೆಚ್ಚು ಮುತುವರ್ಜಿಯಿಂದ ಮಾಡಿದ.

ಮಾಸ್ತರು ಸಂಜೆಯ ಬಸ್ಸಿಗೆ ಬಂದರು. ನಮ್ಮ ಜಗಲಿಯ ಮೇಲೆ ಪಾತ್ರೆಗಳನ್ನು ಸಾಲಾಗಿ ಬೋರಲು ಹಾಕಿತ್ತು, ಬಾಯ್ಲರು ಕೊನೆಯದು. ಅವರು ಕೈಯ ಚೀಲ ಕೆಳಗಿಡಲಿಲ್ಲ. ಇನ್ನೊಂದು ಕೈಯಲ್ಲಿ ಅದನ್ನೆತ್ತಿ ಬೆಳಕಿಗೆ ಹಿಡಿದು ಒಂದು ಕಡೆಯಿಂದ ನೋಡಿದರು, ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದರು. ಹೆಬ್ಬೆರಳಿನ ಉಗುರಿನಿಂದ ಒಳಗೆ ಒಮ್ಮೆ ಗೀರಿದರು.

"ಒಳ್ಳೆ ಕೆಲಸಗಾರ. ಒಂದು ಸಂದಿನೂ ಬಿಟ್ಟಿಲ್ಲ," ಎಂದರು. ಕೊಡವನ್ನೂ ತಪ್ಪಲೆಯನ್ನೂ ಕೇಳಿ ಪಡೆದುಕೊಂಡು ಮನೆಗೆ ಹೋದರು.

ನಮಗೆ ಏನೂ ಗೊತ್ತಾಗಲಿಲ್ಲ. ಚಿಕ್ಕಮ್ಮನಿಗಂತೂ ಅವರು ಹೊಗಳಿದ್ದು ಸಂತೋಷವೇ ಆಯಿತು. ನನಗೂ ಗೊತ್ತಾಗಲಿಲ್ಲ ಎಂದು ಬರೆಯುತ್ತಿದ್ದೇನೆ. ಇಲ್ಲಿಯೇ ನನಗೆ ನನ್ನ ಮೇಲೆ ಅನುಮಾನ. ಏಕೆಂದರೆ ನಾನು ಒಮ್ಮೆ ಆ ಹಿಂದಿನ ಕೋಣೆಯಲ್ಲಿ ಅವರ ಪಕ್ಕ ನಿಂತು ಸೀಮೆಎಣ್ಣೆಯ ಬೆಸುಗೆ ದೀಪ ಹಿಡಿದಿದ್ದೇನೆ. ಬಾಯ್ಲರು ಒಂದೇ ಸಮ ಕಾಯಬೇಕಾದರೆ ಎರಡು ದೀಪ ಬೇಕು, ಎರಡು ದೀಪಕ್ಕೆ ಇಬ್ಬರು ಬೇಕು. ತಾಮ್ರ ಕೆಂಪಾಗಿ, ಬೆಳ್ಳಿ ಒಮ್ಮೆಗೇ ನೀರಿನಂತೆ ಸಂದಿಯೊಳಗೆ ಓಡಿದ್ದು ಕಣ್ಣಿಗೆ ಕಟ್ಟಿದೆ. ಅದು ಮೊದಲ ಬಾಯ್ಲರೋ, ಆಮೇಲೆ, ನಾನು ರಜೆಗೆ ಬಂದು ಹೋಗುತ್ತಿದ್ದಾಗ, ಕಟ್ಟಿದ ಎರಡನೆಯದೋ? ಎರಡನೆಯದಾದರೆ, ಕಲಾಯಿಯ ದಿನ ನಾನು ಏನೂ ತಿಳಿಯದವಳು. ಮೊದಲನೆಯದಾದರೆ, ಬಾಲ್ದಿಯಲ್ಲಿದ್ದದ್ದು ಏನೆಂದು ಶಿರಸಿಯಲ್ಲಿ ಅವರನ್ನು ಬಿಟ್ಟರೆ ತಿಳಿದಿದ್ದವಳು ನಾನೊಬ್ಬಳೇ.

ಮುಂದಿನ ಮೂರು ತಿಂಗಳು ಹಿಂದಿನ ಕೋಣೆಯಿಂದ ಕೆರೆಯುವ ಸದ್ದು ಬರುತ್ತಿತ್ತು. ಆಮೇಲೆ ಅವರು ಎರಡೂ ಬದಿಯ ಬಾಯಿಗೆ ತಗಡು ಕೂರಿಸಿ ಬೆಸೆದು, ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದರು. ನಾನು ಹೋದಾಗ ಬೆಸುಗೆಯ ಉದ್ದಕ್ಕೂ ಸಣ್ಣ ಹನಿಗಳು ಮೂಡಿದ್ದವು, ಜ್ವರ ಬಿಟ್ಟವರ ಹಣೆಯ ಹಾಗೆ. ಆಗಲೇ ಅವರು ನನಗೆ ವಿವರಿಸಿದ್ದು. ಬೆಳ್ಳಿ ಬೆಸುಗೆಗೂ ಸೀಸಕ್ಕೂ ಆಗಿಬರುವುದಿಲ್ಲ. ಕಲಾಯಿಯ ತವರದಲ್ಲಿ ಸ್ವಲ್ಪವಾದರೂ ಸೀಸ ಇರುತ್ತದೆ. ತಾಮ್ರದೊಳಗೆ ಒಮ್ಮೆ ಹೊಕ್ಕರೆ ಎಷ್ಟು ಕೆರೆದರೂ ಉಳಿಯುತ್ತದೆ, ಆಮೇಲಿನ ಬೆಸುಗೆ ಬಿಸ್ಕೀಟಿನ ಹಾಗೆ ಬಿರಿಯುತ್ತದೆ. ಪಾಠದ ದನಿಯಲ್ಲೇ ಹೇಳಿದರು. ಹಂಡೆ ಸಿಕ್ಕಲ್ಲಿಂದ ಲೆಕ್ಕ ಹಿಡಿದರೆ ನಾಲ್ಕು ವರ್ಷದ ಕೆಲಸ ಅದು.

ಅದೇ ವರ್ಷ ಸಿದ್ದಾಪುರದ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಎಂಜಿನ್ನು ಓಡಿಸುವುದಾಗಿ ಅವರು ಒಪ್ಪಿಕೊಂಡಿದ್ದರು. ಅಲ್ಲಿಯ ಹೆಡ್‌ಮಾಸ್ತರು ಅವರ ಜೊತೆ ಓದಿದವರು. ಬಾಯ್ಲರು ಸೋರುತ್ತದೆ ಎಂದಾಗ, ಹತ್ತು ನಿಮಿಷ ಓಡಿಸಿದರೆ ಸಾಕು, ಯಾರಿಗೆ ಗೊತ್ತಾಗುತ್ತದೆ ಎಂದು ಒತ್ತಾಯ ಮಾಡಿದರು. ಮಾಸ್ತರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಆಗ ಒಮ್ಮೆಯೇ.

"ನಂಗೆ ಗೊತ್ತಾಗ್ತದಲ್ಲ ಮಾರಾಯ. ಸುತ್ತ ನಿಲ್ಲೂದು ಮಕ್ಕಳು."

ಪ್ರದರ್ಶನಕ್ಕೆ ನಾನೂ ಅವರ ಜೊತೆ ಹೋಗಿದ್ದೆ. ಕೊನೆಗೆ ಸೈಕಲ್ ಅಂಗಡಿಯಿಂದ ಗಾಳಿಯ ಪಂಪು ತರಿಸಿ, ಪಿಸ್ಟನ್ನಿಗೆ ಗಾಳಿ ಕೊಟ್ಟು, ಗಾಲಿಗಳು ತಿರುಗುವುದನ್ನಷ್ಟೇ ತೋರಿಸಿದರು. ಎಂಜಿನ್ನಿನ ಮೇಲೆ ಬಾಯ್ಲರಿನ ಜಾಗ ಖಾಲಿ ಇತ್ತು. ಎರಡು ಜಡೆ ಹಾಕಿದ ಹುಡುಗಿಯೊಬ್ಬಳು ಬಗ್ಗಿ ಬಗ್ಗಿ ನೋಡಿ, "ಹೊಗೆ ಎಲ್ಲಿ ಸರ್?" ಎಂದಳು.

"ಹೊಗೆ ಮುಂದಿನ ಬಸ್ಸಿಗೆ ಬರ್ತದೆ," ಎಂದರು ಮಾಸ್ತರು. ಮಕ್ಕಳೆಲ್ಲ ನಕ್ಕರು. ನನಗೆ ನಗಲು ಆಗಲಿಲ್ಲ.

ವಾಪಸು ಬರುವಾಗ ಎಂಜಿನ್ನಿನ ಪೆಟ್ಟಿಗೆ ಬಸ್ಸಿನಲ್ಲಿ ನಮ್ಮಿಬ್ಬರ ಕಾಲ ಬಳಿ ಇತ್ತು. ಬಾಲ್ದಿಯಿಂದ ಬಾಯ್ಲರನ್ನು ಎತ್ತಿಕೊಟ್ಟವಳು ನಾನಿರಬಹುದು ಎಂದು ಹೇಳಿಬಿಡಬೇಕು ಎಂದುಕೊಂಡೆ. ಶಿರಸಿ ಹತ್ತಿರವಾದಾಗ, ಆ ದಿನ ಏನಾಯಿತು ಅಂದರೆ, ಎಂದು ಶುರು ಮಾಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ತಡೆದರು.

"ಯಾರು ಅಂತ ನಾನು ಕೇಳಿದ್ರೆ, ಒಬ್ರು ಉತ್ತರ ಹೇಳಬೇಕಾಗ್ತದೆ. ಎಂತಕ್ಕೆ ಅದೆಲ್ಲ."

ಮತ್ತೆ ಆ ವಿಷಯ ಬರಲಿಲ್ಲ. ನಾನು ಓದು ಮುಗಿಸಿ, ಧಾರವಾಡದಲ್ಲಿ ಎಂ.ಎ. ಮಾಡಿ, ಯಲ್ಲಾಪುರದಲ್ಲಿ ಕೆಲಸಕ್ಕೆ ಸೇರಿದೆ. ಶಿರಸಿ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸುಗಳು ಬಂದವು, ಮಾಸ್ತರ ಎಂಟು ಯಂತ್ರಗಳಲ್ಲಿ ಐದರ ಮೇಲೆ ಬಟ್ಟೆ ಹೊದಿಸಿತ್ತು. ಸ್ಟೀಲು ಪಾತ್ರೆಗಳು ತುಂಬಿದ ಮೇಲೆ ಕಲಾಯಿಯವನೂ ಬರುವುದು ನಿಲ್ಲಿಸಿದ. ಬಿಡುವು ಸಿಕ್ಕಷ್ಟೂ ಒಳ್ಳೆಯದೇ ಆಯಿತು ಎಂದು ಅವರು ಎರಡನೆಯ ಬಾಯ್ಲರು ಕಟ್ಟಿದರು. ದೃಷ್ಟಿ ಮಂದವಾಗಿತ್ತು. ಒಂದು ಬೆಸುಗೆಗೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ ಹೋಗುತ್ತಿತ್ತು. ಹುಳಿನೀರಿನ ಬಾಲ್ದಿಯನ್ನು ಮಾತ್ರ ಬಾವಿಕಟ್ಟೆಯಿಂದ ಬೇರೆಡೆಗೆ ಒಯ್ಯಲಿಲ್ಲ, ಅಲ್ಲೇ ಇಡುತ್ತಿದ್ದರು. ಅದು ನಮ್ಮ ಮೇಲಿನ ನಂಬಿಕೆಯೋ, ನಮಗೆ ಬೇಜಾರಾಗದಿರಲಿ ಎಂದೋ, ಬೇರೆ ಜಾಗ ಇರಲಿಲ್ಲವೋ.

ಎರಡು ಸಾವಿರದ ನಂತರದ ಒಂದು ಬೇಸಿಗೆಯಲ್ಲಿ ನನಗೆ ಟೈಪು ಮಾಡಿದ ಕಾರ್ಡು ಬಂತು. ಆದಿತ್ಯವಾರ ಬೆಳಿಗ್ಗೆ ಗಾಡಿ ಹೊರಡುತ್ತದೆ, ಬಾ. ಇಷ್ಟೇ. ತಪ್ಪಿಲ್ಲದ ಒಂದು ಸಾಲು.

ಬಾವಿಯಿಂದ ಬಚ್ಚಲಿನ ಗೋಡೆಯವರೆಗೆ ಅಂಗಳದಲ್ಲಿ ಹಳಿ ಹಾಸಿದ್ದರು. ಬೆಂಕಿಗೆ ತೆಂಗಿನ ಚಿಪ್ಪಿನ ಇದ್ದಿಲು. ನೀರಿನ ಪರೀಕ್ಷೆ ಹಿಂದಿನ ದಿನವೇ ಆಗಿತ್ತು. ಓಡಿಸುವ ಒತ್ತಡದ ಎರಡರಷ್ಟು ಕೊಟ್ಟು, ಒಂದು ಗಂಟೆ ಹೊತ್ತು ಒತ್ತಡದ ಮಾಪಕದ ಮುಳ್ಳು ಇಳಿಯುತ್ತದೋ ನೋಡುತ್ತ ಕೂರಲು ಚಿಕ್ಕಮ್ಮನಿಗೆ ಹೇಳಿದ್ದರಂತೆ. ತಮ್ಮ ಕಣ್ಣು ನಂಬುವ ಹಾಗಿಲ್ಲ ಎಂದರಂತೆ. ಅವಳು ಮಜ್ಜಿಗೆ ಕಡೆಯುವುದನ್ನೂ ಬಿಟ್ಟು ಕೂತಿದ್ದಳು. ಮುಳ್ಳು ಅಲುಗಲಿಲ್ಲ.

ಆವಿ ಏರಿತು. ಅವರು ಸಣ್ಣ ಹಿಡಿಯೊಂದನ್ನು ಎಷ್ಟು ನಿಧಾನ ಎಳೆದರೆಂದರೆ, ಗಾಲಿ ತಿರುಗಿದ್ದು ಮೊದಲು ಕಂಡಿತು, ಸದ್ದು ಆಮೇಲೆ ಕೇಳಿತು. ಒಂದು ಸಲ ಹೋಗಿ ಬಂದ ಮೇಲೆ, ಎಂಜಿನ್ನಿನ ಹಿಂದೆ ಹಲಗೆಯ ಗಾಡಿ ಕಟ್ಟಿ, ಚಿಕ್ಕಮ್ಮನ ಕಡೆ ತಿರುಗಿದರು.

"ಅಕ್ಕೋರೆ, ಮೊದಲು ನೀವು ಹತ್ತಿ."

"ನಂಗೆ ಬೇಡ ಮಾಸ್ತರೆ. ನಿಮ್ಮ ರೈಲು ಮುರಿದು ಬಿದ್ರೆ?"

"ಟಿಕೇಟು ಮಾಡಿ ಆಗಿದೆ."

ಚಿಕ್ಕಮ್ಮ ಸೆರಗು ಸಿಕ್ಕಿಸಿ, ಒಂದು ಪಕ್ಕಕ್ಕೆ ಕಾಲು ಹಾಕಿ ಕೂತಳು, ಗಟ್ಟಿಯಾಗಿ ಹಲಗೆ ಹಿಡಿದುಕೊಂಡು. ಗಾಡಿ ಬಾವಿಯಿಂದ ಬಚ್ಚಲಿನ ತನಕ ಹೋಯಿತು. ಇಳಿದವಳು ನನ್ನ ಕಿವಿಯಲ್ಲಿ, "ಕೂಸೆ, ಇದು ಖರೆ ರೈಲೇಯ," ಎಂದಳು. ಆ ಹೊತ್ತಿಗೆ ಕಟಿಂಗ್ ಅಂಗಡಿಯವರೂ ಬೇಲಿಯ ಹತ್ತಿರ ಬಂದು ನಿಂತಿದ್ದರು. ಅವರು ಅಂದು ಎಷ್ಟೊತ್ತಿಗೆ ಎಂದು ಕೇಳಲಿಲ್ಲ.

ಅವರು ಅವಳನ್ನೇ ಮೊದಲು ಏಕೆ ಕರೆದರು ಎಂದು ಆ ರಾತ್ರಿ ದಿನಚರಿಯಲ್ಲಿ ಒಂದು ಪುಟ ಬರೆದಿದ್ದೇನೆ. ಕಲಾಯಿ ಹಾಕಿಸಿದ್ದು ಅವಳೇ ಎಂದು ತಿಳಿದು, ಮನಸ್ಸಿನಲ್ಲಿ ಏನೂ ಇಲ್ಲ ಎಂದು ತೋರಿಸಲು ಎಂದು ಒಂದು ಊಹೆ. ಎತ್ತಿಕೊಟ್ಟವಳು ನಾನು ಎಂದು ತಿಳಿದಿದ್ದರಿಂದ ನನ್ನನ್ನು ಬಿಟ್ಟರು ಎಂದು ಇನ್ನೊಂದು. ಹಿರಿಯಳು, ಒಂದು ಗಂಟೆ ಮುಳ್ಳು ಕಾದವಳು, ಅದಕ್ಕೇ ಕರೆದರು ಎಂಬ ಸರಳ ಕಾರಣ ಪುಟದ ಕೊನೆಯಲ್ಲಿದೆ. ಎರಡನೆಯ ಸಲ ಹತ್ತಿದ್ದು ನಾನು. ಹಲಗೆ ಬಿಸಿಯಾಗಿತ್ತು.

ಕೆಟ್ಟ ಬಾಯ್ಲರನ್ನು ಅವರು ಎಸೆದಿರಲಿಲ್ಲ. ಒಂದು ಕಡೆಯ ತಗಡು ಬಿಡಿಸಿ, ಅಂಚು ನಯ ಮಾಡಿ, ಸಿದ್ದಾಪುರಕ್ಕೆ ತಮ್ಮನ ಮನೆಯಲ್ಲಿ ಇರಲು ಹೊರಡುವ ಮುನ್ನ ಚಿಕ್ಕಮ್ಮನಿಗೆ ಕೊಟ್ಟು ಹೋದರು. ಅವಳು ಅದನ್ನು ಒಲೆಯ ಪಕ್ಕ ನಿಲ್ಲಿಸಿ ಸೌಟುಗಳನ್ನು ಹಾಕಿಡುತ್ತಾಳೆ. ಒಳಗಿನ ಕಲಾಯಿ ಅಲ್ಲಲ್ಲಿ, ಅವರು ಕೆರೆಯದೆ ಉಳಿದಲ್ಲಿ, ಈಗಲೂ ಹೊಳೆಯುತ್ತದೆ.

ಅವರು ಹೋದ ಸುದ್ದಿ ಬಂದ ವಾರ ನಾನು ಹಳೆಯ ದಿನಚರಿ ತೆಗೆದೆ. ಆ ದಿನದ ಕೆಳಗೆ ಮೂರು ವಾಕ್ಯ: ಕಲಾಯಿಯವ ಬಂದಿದ್ದ. ಹನ್ನೊಂದು ಪಾತ್ರೆ. ನಾಳೆ ಪರೀಕ್ಷೆ. ಚಿಕ್ಕಮ್ಮನವು ಎಂಟು, ಮಾಸ್ತರ ಕೊಡ ಮತ್ತು ತಪ್ಪಲೆ ಸೇರಿ ಹತ್ತು. ಹನ್ನೊಂದನೆಯದನ್ನು ಎಣಿಸಿದ್ದೇನೆ, ತಂದವರು ಯಾರು ಎಂದು ಬರೆದಿಲ್ಲ. ದೀಪ ಹಿಡಿದ ದಿನ ಯಾವುದು ಎಂದು ಎಲ್ಲ ಪುಸ್ತಕ ಹುಡುಕಿದೆ. ಅದನ್ನು ಬರೆದೇ ಇಲ್ಲ.

ಶನಿವಾರ ಶಿರಸಿಗೆ ಹೋದೆ. ಚಿಕ್ಕಮ್ಮ ಒಲೆಯ ಮುಂದೆ ಇದ್ದಳು. ನಾನು ದಿನಚರಿ ತೋರಿಸಿ, ಆ ದಿನದ ಸಂಗತಿ ಮೊದಲಿನಿಂದ ಹೇಳಿ, ಬಾಯ್ಲರನ್ನು ತಂದವರು ಯಾರು ಎಂದು ಕೇಳಿದೆ. ಅವಳು ತಾಮ್ರದ ಪಾತ್ರೆಯಿಂದ ದೊಡ್ಡ ಸೌಟು ಎಳೆದುಕೊಂಡು ಸಾರು ತಿರುಗಿಸಿದಳು. ಬಟ್ಟಲು ತರಲು ಹೇಳಿದಳು. ತಂದುಕೊಟ್ಟೆ. ತನ್ನ ತಪ್ಪಾಗಿದ್ದರೆ ಒಪ್ಪಿಕೊಳ್ಳಲು ತಡ ಮಾಡುವವಳಲ್ಲ ಅವಳು, ಹಾಲು ಉಕ್ಕಿಸಿದ್ದನ್ನೂ ಬೀದಿಗೆ ಕೇಳುವಂತೆ ಹೇಳುವವಳು. ಊಟ ಮುಗಿಯಿತು. ಅವಳು ಸೌಟನ್ನು ತೊಳೆದು, ಒರೆಸಿ, ಅದರ ಜಾಗದಲ್ಲಿ ನಿಲ್ಲಿಸುವಾಗ ನಾನು ಮತ್ತೊಮ್ಮೆ ಕೇಳಿದೆ.

"ಚಿಕ್ಕಮ್ಮ, ಬಾಲ್ದಿಂದ ಇದನ್ನ ಎತ್ತಿ ಕೊಟ್ಟಿದ್ದು ಆನಾ, ನೀನಾ?"